ತೆರೆಯ ಮೇಲೆ ಕಾಣದ ಕೈಗಳು

ಅಂಗವಿಕಲ ಮಕ್ಕಳನ್ನು ಸಲಹುವ ಹೆತ್ತವರ ಕುರಿತ ಕಿರುಚಿತ್ರ, ಸಾಕ್ಷ್ಯಚಿತ್ರಗಳನ್ನು ಬಜಪೆಯ ಮನೆಯಲ್ಲಿ ಕುಳಿತು ಆಗಾಗ ನೋಡುತ್ತಿರುತ್ತೇನೆ. ನೆರೆಯ ಕಾಸರಗೋಡಿನ ಎಣ್ಮಕಜೆ, ಪಡ್ರೆ ಕಡೆಯ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರಷ್ಟೆ. ಆ ವಿಷದ ಕಥೆಯನ್ನು ಕೆ.ಆರ್. ಮನೋಜರ ‘ಎ ಪೆಸ್ಟರಿಂಗ್ ಜರ್ನಿ’ (2010) ಪಂಜಾಬಿನ ಹೊಲಗಳೊಡನೆ ಹೆಣೆಯುತ್ತದೆ. ಇಂಥವನ್ನು ನೋಡುವಾಗ ನನ್ನ ಕಣ್ಣು ಮಗುವಿನ ಮುಖಕ್ಕಿಂತ ತಾಯಿಯ ಕೈಗಳನ್ನೇ ಅರಸುತ್ತದೆ. ಇಪ್ಪತ್ತರ ಮಗನನ್ನು ಎತ್ತಿ ಮೀಯಿಸುವುದು, ತುತ್ತು ಗಂಟಲಿಳಿಯುವವರೆಗೆ ಕಾದಿರುವುದು: ಅಷ್ಟು ವ್ಯವಧಾನ ಕಿರುಚಿತ್ರಕ್ಕೆಲ್ಲಿಯದು? ಕನಿಕರ ಹುಟ್ಟಿಸುವ ಹಿನ್ನೆಲೆ ಸಂಗೀತವಂತೂ ನನಗೆ ಸೇರದು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ 2017ರಲ್ಲಿ ಕೇರಳಕ್ಕೆ ಆದೇಶಿಸಿತು. ತಮ್ಮ ತೋಳು ಸೋತ ಮೇಲೆ ಈ ಮಗನನ್ನು ಎತ್ತುವವರಾರು ಎಂಬ ಹೆತ್ತವರ ಪ್ರಶ್ನೆಯೊಂದನ್ನೇ ಹಿಡಿದು ಯಾರಾದರೂ ಹತ್ತು ನಿಮಿಷದ ಚಿತ್ರ ತೆಗೆದರೆ, ಅದನ್ನು ಮನೆಮಂದಿಯೊಡನೆ ಕುಳಿತು ನೋಡುವ ಆಸೆ ನನಗಿದೆ.