ಕುಟ್ರು ಹಕ್ಕಿಗೆ ಏಳು ವಾರದ ವಾಯಿದೆ

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಕಾಗದವನ್ನು ಪೂರ್ತಿ ಓದದೆ ಸಹಿ ಹಾಕಬೇಡಿ ಎಂದು ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದೇನೋ ಲೆಕ್ಕವಿಲ್ಲ. ಅಂಥ ನಾನೇ ಹೋದ ವರ್ಷ ಕಣ್ಣೆತ್ತಿ ನೋಡದೆ ಒಂದು ಮಾತಿಗೆ ‘ಹೂಂ’ ಅಂದುಬಿಟ್ಟೆ.

ಮೈಸೂರಿನ ಹೊರವಲಯದಲ್ಲಿ ನಮ್ಮದೊಂದು ನಿವೇಶನ ಇದೆ. ಮುಂದಿನ ಅರ್ಧ ಬಯಲು. ಹಿಂದಿನ ಅರ್ಧದಲ್ಲಿ ಎರಡು ಹೊಂಗೆ, ಒಂದು ಮಾವು, ಒಂದು ಮುದಿ ನುಗ್ಗೆ ಮರ. ಬೇಲಿಯುದ್ದಕ್ಕೂ ಲಂಟಾನ ಪೊದೆ. ಮಗ ಅಲ್ಲಿ ಮನೆ ಕಟ್ಟಿಸಲು ಹೊರಟ. ಅವನಿಗೆ ಆಫೀಸು, ಹಾಗಾಗಿ ಉಸ್ತುವಾರಿ ನನ್ನದು. ಫೆಬ್ರವರಿ ಕೊನೆಯಲ್ಲಿ ಜೆಸಿಬಿ ಬಂತು. “ಬೇಲಿ ಸಾಲು ಎತ್ತಿಸಿಬಿಡ್ಲಾ ಯಜಮಾನ್ರೇ?” ಎಂದು ಮೇಸ್ತ್ರಿ ಕೇಳಿದರು. ಪೇಪರ್ ಓದುತ್ತಿದ್ದ ನಾನು ಹೂಂಗುಟ್ಟಿದೆ.

ಹತ್ತು ನಿಮಿಷದಲ್ಲಿ ಪೊದೆಯೆಲ್ಲ ಮಗುಚಿತು. ಶಾಲೆಯಿಂದ ಬಂದ ಮೊಮ್ಮಗಳು ಆ ರಾಶಿಯೊಳಗಿಂದ ಬಟ್ಟಲಿನಂಥ ಗೂಡೊಂದನ್ನು ಎತ್ತಿ ತಂದಳು. ತಿಳಿಗುಲಾಬಿ ಬಣ್ಣದ ಮೇಲೆ ಕೆಂಪು ಚುಕ್ಕೆಗಳಿದ್ದ ಮೂರು ಮೊಟ್ಟೆ. ಮೂರೂ ಒಡೆದಿದ್ದವು. ಕರೆಂಟು ತಂತಿಯ ಮೇಲೆ ಜುಟ್ಟಿನ ಪಿಕಳಾರ ಜೋಡಿ ಸಂಜೆಯವರೆಗೂ ಕೂಗುತ್ತಲೇ ಇತ್ತು.

“ತಾತ, ನೀನು ನೋಡ್ಲಿಲ್ವಾ?” ಎಂದಳು. ಏನು ಹೇಳಲಿ? ಎರಡು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು.

ಅವಳನ್ನು ಸಮಾಧಾನ ಮಾಡಲೆಂದು ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು ಅದು. ಮದ್ದೂರು ದಾಟಿ, ರುದ್ರಾಕ್ಷಿಪುರದ ಬಳಿ ತಿರುಗಿ ಸುಮಾರು ಹನ್ನೆರಡು ಕಿಲೋಮೀಟರ್ ಹೋಗಬೇಕು. ಹಕ್ಕಿ ನೋಡಲು ಕಾಡಿಗೇನೂ ಹೋಗಬೇಕಿಲ್ಲ. ಊರೊಳಗೆ, ಮನೆಗಳ ಹಿತ್ತಿಲ ಹುಣಸೆ ಮರಗಳ ಮೇಲೇ ಗೂಡುಗಳು! ಚೀಲದಂಥ ಕೊಕ್ಕಿನ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು, ಅವುಗಳ ಮರಿಗಳ ಗಲಾಟೆ. ಕೆಳಗೆ ಹಸು ಮೆಲುಕು ಹಾಕುತ್ತಿತ್ತು. ಹುಡುಗರು ಗೋಲಿ ಆಡುತ್ತಿದ್ದರು. ಮರದಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಬಲೆ ಕಟ್ಟಿದ ಆವರಣದಲ್ಲಿ ಮೀನು ಹಾಕಿ ಸಾಕುತ್ತಾರೆ. ‘ಹೆಜ್ಜಾರ್ಲೆ ಬಳಗ’ ಎಂಬ ಊರಿನವರ ಗುಂಪು 1994ರಿಂದ ಈ ಕೆಲಸ ಮಾಡಿಕೊಂಡು ಬಂದಿದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಒಂದು ಮನೆಯ ಮುಂದೆ ಇಟ್ಟಿಗೆ, ಮರಳು ರಾಶಿ ಬಿದ್ದಿತ್ತು. ಕೆಲಸ ಮಾತ್ರ ನಡೆಯುತ್ತಿರಲಿಲ್ಲ. ಜಗುಲಿಯ ಮೇಲಿದ್ದ ಅಜ್ಜಿಯನ್ನು ಕೇಳಿದೆ. ಅವರು ತಲೆಯ ಮೇಲಿನ ಹುಣಸೆ ಮರ ತೋರಿಸಿದರು. “ಮಗಳು ಬಾಣಂತನಕ್ಕೆ ಬಂದಿರುವಾಗ ಮನೆ ಕೆಡವಿ ಕಟ್ಟಿಸ್ತಾರಾ ಸಾಮಿ? ಮರಿ ಹಾರಿ ಹೋಗೋ ಗಂಟ ಕಾಯ್ತೀವಿ” ಎಂದರು. ಮೊಮ್ಮಗಳು ನನ್ನ ಮುಖ ನೋಡಿದಳು. ವಾಪಸ್ ಬರುವಾಗ ಮದ್ದೂರು ವಡೆ ತಿನ್ನುತ್ತಾ, “ನಾಳೆ ನಮ್ಮ ಮರಗಳನ್ನೂ ನೋಡೋಣ ತಾತ” ಎಂದಳು. ಮಾತು ಬಿಟ್ಟ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಮಾರನೆಯ ದಿನ ಬೆಳಗ್ಗೆ ಆರಕ್ಕೇ ನಿವೇಶನದ ಮೂಲೆಯಲ್ಲಿ ಸ್ಟೂಲು ಹಾಕಿ ಕುಳಿತೆವು. ಸ್ವಲ್ಪ ಹೊತ್ತಿಗೆ ‘ಕುಟ್ರೂ ಕುಟ್ರೂ’ ಎಂಬ ಕೂಗು. ಹಸಿರು ಮೈ, ಕಂದು ತಲೆ, ಕೆನ್ನೆಯ ಮೇಲೆ ಬಿಳಿ ಪಟ್ಟೆ. ಕುಟ್ರು ಹಕ್ಕಿ! ನುಗ್ಗೆ ಮರದ ಒಣಕೊಂಬೆಯಲ್ಲಿ ಕೊರೆದಿದ್ದ ದುಂಡನೆಯ ತೂತಿನಿಂದ ಒಂದು ಹೊರಬಂತು, ಇನ್ನೊಂದು ಒಳಹೋಯಿತು. ಮೊಟ್ಟೆಗೆ ಕಾವು ಕೊಡಲು ಪಾಳಿ ಬದಲಿಸುತ್ತಿದ್ದವು. ಆ ವಾರವೇ ಉರುಳಬೇಕಿದ್ದ ಮರ ಅದು. ನೀರಿನ ಸಂಪಿಗೆ ಗುರುತು ಹಾಕಿದ್ದ ಜಾಗ.

“ಅಪ್ಪ, ಒಂದು ಹಕ್ಕಿಗೋಸ್ಕರ ಕೆಲಸ ನಿಲ್ಲಿಸೋಕಾಗತ್ತಾ? ಸಾಲದ ಬಡ್ಡಿ ಓಡ್ತಿರತ್ತೆ” ಎಂದ ಮಗ. ಅವನ ಮಾತೂ ಸುಳ್ಳಲ್ಲ. ಹಳೆಯ ಅಭ್ಯಾಸ, ಕಾಗದ ತೆಗೆದು ಲೆಕ್ಕ ಹಾಕಿದೆ. ಕುಟ್ರು ಹಕ್ಕಿಯ ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಹಾರಲು ಐದು ವಾರದ ಮೇಲೆ. ಒಟ್ಟು ಏಳು ವಾರದ ವಾಯಿದೆ. ಕೆಲಸ ನಿಲ್ಲಿಸಬೇಕಿಲ್ಲ, ಕ್ರಮ ಬದಲಿಸಿದರೆ ಸಾಕು. ಮೊದಲು ಮುಂಭಾಗದ ಪಾಯ, ಸಂಪು ಕೊನೆಗೆ. ಅಲ್ಲಿಯವರೆಗೆ ನೀರಿಗೆ ಡ್ರಮ್ಮುಗಳು. ಜೆಸಿಬಿ ಇನ್ನೊಮ್ಮೆ ಬರುವ ಬಾಡಿಗೆ ನನ್ನ ಪಿಂಚಣಿಯಿಂದ. ಇನ್ನೊಂದು ಮಾತನ್ನೂ ಹೇಳಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲೇ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡು ಕದಡುವುದು ಸೇರಿದೆ. ಮಗ ಸುಮ್ಮನಾದ.

ಮರದ ಸುತ್ತ ಮೂವತ್ತು ಅಡಿ ದೂರಕ್ಕೆ ನೈಲಾನ್ ಹಗ್ಗ ಕಟ್ಟಿದೆವು. ಕಾಂಕ್ರೀಟ್ ಯಂತ್ರ ಮೊದಲ ದಿನ ಗುಡುಗಿದಾಗ ಹೊರಗೆ ಹೋದ ಹಕ್ಕಿ ಒಂದು ಗಂಟೆಯಾದರೂ ಗೂಡಿಗೆ ಬರಲಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮೇಸ್ತ್ರಿ ತಾವೇ ಯಂತ್ರವನ್ನು ರಸ್ತೆಯ ಅಂಚಿಗೆ ತಳ್ಳಿಸಿದರು. ಆಮೇಲೆ ಹಕ್ಕಿ ಬಂತು.

ಏಪ್ರಿಲ್ ಕೊನೆಯಲ್ಲಿ ತೂತಿನಿಂದ ಪುಟ್ಟ ತಲೆಯೊಂದು ಇಣುಕಿತು. ಕೆಲವು ದಿನಗಳಲ್ಲಿ ಗೂಡು ಬರಿದಾಯಿತು. ಅಷ್ಟರಲ್ಲಿ ಮೇಸ್ತ್ರಿ ಬೇರೆ ದಾರಿ ಹುಡುಕಿದ್ದರು. “ಸಂಪು ಪೋರ್ಟಿಕೋ ಕೆಳಗೇ ಬರಲಿ ಬಿಡಿ, ಮರ ಯಾಕೆ ಕಡೀಬೇಕು?” ಎಂದರು. ಮಗನೂ ಒಪ್ಪಿದ. ನುಗ್ಗೆ ಮರ ಈಗಲೂ ಇದೆ.

ಮಕ್ಕಳೇ, ನಿಮ್ಮ ಮನೆಯ ಹತ್ತಿರ ಮರ, ಪೊದೆ ಕಡಿಯುವ ಮಾತು ಬಂದರೆ ಮೊದಲು ತಾತನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ ದೂರ ಕುಳಿತು ನೋಡಿ. ಹಕ್ಕಿ ಬಾಯಲ್ಲಿ ಕಡ್ಡಿಯನ್ನೋ ಹುಳುವನ್ನೋ ಕಚ್ಚಿಕೊಂಡು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಅಲ್ಲಿ ಗೂಡಿದೆ ಎಂದು ತಿಳಿಯಿರಿ. ಮುಟ್ಟಬೇಡಿ, ಪದೇಪದೇ ಇಣುಕಬೇಡಿ. ಕಾಗೆಗಳು ನಿಮ್ಮನ್ನೇ ಗಮನಿಸುತ್ತಿರುತ್ತವೆ. ದೊಡ್ಡವರಿಗೆ ಹೇಳಿ, ಕಾಯಿಸಿ. ಪಿಕಳಾರದಂಥ ಸಣ್ಣ ಹಕ್ಕಿಗೆ ಒಂದು ತಿಂಗಳು ಸಾಕು.

ನಾನು ಆ ಒಂದು ತಿಂಗಳನ್ನೂ ಕೊಡಲಿಲ್ಲ. ಆ ಸಾಲ ಇನ್ನೂ ತೀರಿಲ್ಲ. ಬೇಲಿಯುದ್ದಕ್ಕೂ ನಾನು, ಮೊಮ್ಮಗಳು ದಾಸವಾಳದ ಕಡ್ಡಿ ನೆಟ್ಟಿದ್ದೇವೆ. ಈಗ ಸೊಂಟದೆತ್ತರ ಬಂದಿವೆ. ದಿನಾ ಬೆಳಗ್ಗೆ ಹೋಗಿ ನೋಡುತ್ತೇವೆ. ಪಿಕಳಾರ ಇನ್ನೂ ಬಂದಿಲ್ಲ.