‘ಹಳೇದ ಹಚ್ಚೋ ತಮ್ಮಾ’

ಯಾದಗಿರಿಯಿಂದ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ ಓಡಾಡುವ ಟಂಟಂ, ಕ್ರೂಸರ್‌ಗಳಲ್ಲಿ ಒಂದು ಮಾತು ಕೇಳಿಯೇ ಕೇಳುತ್ತದೆ. ಭೀಮಾ ಸೇತುವೆ ದಾಟುವಷ್ಟರಲ್ಲಿ ಹಿಂದಿನ ಸೀಟಿನಿಂದ ಯಾರಾದರೂ ಕೂಗುತ್ತಾರೆ: ‘ಹಳೇದ ಹಚ್ಚೋ ತಮ್ಮಾ.’ ಡ್ರೈವರ್ ಪೆನ್‌ಡ್ರೈವ್‌ನಲ್ಲಿ ಹುಡುಕಿ ಹಚ್ಚುವುದು ಕಪ್ಪು–ಬಿಳುಪು ಕಾಲದ ಹಾಡಲ್ಲ. ನಮ್ಮ ಕಡೆ ಈಗ ‘ಹಳೇದು’ ಅಂದರೆ ತೊಂಬತ್ತರ ದಶಕ.

ನಾವು ಈ ಮೂರು ಊರುಗಳ ಗೆಳೆಯರು. 1987ರಲ್ಲಿ ‘ಪ್ರೇಮಲೋಕ’ ಬಂದಾಗ ನಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ. ‘ರಾಮಾಚಾರಿ’ (1991), ‘ಹಾಲುಂಡ ತವರು’ (1994), ‘ಜನುಮದ ಜೋಡಿ’ (1996) ಇವನ್ನೂ ನಾವು ಟಾಕೀಸಿನಲ್ಲಿ ನೋಡಿದವರಲ್ಲ. ಆದರೂ ಪಲ್ಲವಿ ಶುರುವಾದರೆ ಸಾಕು, ಕೊನೆಯ ಚರಣದ ತನಕ ಬಾಯಿಗೆ ಬರುತ್ತದೆ. ನಾವು ಬದುಕದೇ ಇದ್ದ ಕಾಲದ ಹಾಡು ನಮಗ್ಯಾಕೆ ಇಷ್ಟು ಹತ್ತಿರ?

ಒಂದು ಕಾರಣ ಕ್ಯಾಸೆಟ್. ಓಣಿಗೊಂದೋ ಎರಡೋ ಟೇಪ್‌ರೆಕಾರ್ಡರ್ ಇದ್ದ ಕಾಲವದು. ಒಬ್ಬರ ಮನೆಯಲ್ಲಿ ಹಚ್ಚಿದರೆ ಇಡೀ ಓಣಿ ಕೇಳಬೇಕು. ಬೇಡದ ಹಾಡನ್ನು ದಾಟಿಸುವುದೂ ಸುಲಭವಿರಲಿಲ್ಲ. ಹೀಗಾಗಿ ಅಜ್ಜಿಗೂ ಮೊಮ್ಮಗನಿಗೂ ಒಂದೇ ಹಾಡು ಬಾಯಿಪಾಠವಾಯಿತು. ಈಗ ಪ್ರತಿಯೊಬ್ಬರ ಕಿವಿಯಲ್ಲೂ ಬೇರೆ ಬೇರೆ ಹಾಡು.

ಇನ್ನೊಂದು ಕಾರಣ ಹಾಡಿನೊಳಗೇ ಇದೆ. ಹಂಸಲೇಖ ಸಾಹಿತ್ಯವನ್ನೂ ರಾಗವನ್ನೂ ತಾವೇ ಕಟ್ಟಿದರು. ಹಾಗಾಗಿ ಮಾತು ಎಲ್ಲಿ ನಿಲ್ಲಬೇಕೋ ಅಲ್ಲೇ ರಾಗವೂ ನಿಲ್ಲುತ್ತದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ತಾಯಿನುಡಿ ತೆಲುಗು, ಆದರೆ ಅವರ ಬಾಯಲ್ಲಿ ಕನ್ನಡದ ಒಂದಕ್ಷರವೂ ನುಂಗಿಹೋಗುತ್ತಿರಲಿಲ್ಲ. ಗದಗಿನ ಪಂಚಾಕ್ಷರ ಗವಾಯಿಗಳ ಕುರಿತ 1995ರ ಚಿತ್ರಕ್ಕೆ ಈ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಆಗಿನ ಸಿನಿಮಾಗಳಲ್ಲಿ ನಮ್ಮ ಕಡೆಯ ಮಾತು ಬರುತ್ತಿದ್ದುದು ಹೆಚ್ಚಾಗಿ ನಗಿಸಲಿಕ್ಕೆ. ಬೆಂಗಳೂರು–ಮೈಸೂರಿನ ಕನ್ನಡ ಆಡುವ ನಾಯಕ ನಮಗೆ ದೂರದವನೇ. ಅವನ ಹಾಡು ಮಾತ್ರ ದೂರ ಉಳಿಯಲಿಲ್ಲ. ನಿಜಾಮರ ಆಳ್ವಿಕೆ ಕಂಡ, ಉರ್ದು–ತೆಲುಗು ಬೆರೆತ ನಾಡು ನಮ್ಮದು. 1990ರ ‘ಆಶಿಕಿ’ಯ ಹಾಡುಗಳೂ ಇವುಗಳ ಜೊತೆಗೇ ಬೆಳೆದವು.

ಆದರೆ ಮುಖ್ಯ ಕಾರಣ ನಮ್ಮ ಅವ್ವಂದಿರು ಅನಿಸುತ್ತದೆ. ಶಾಲೆ ಮುಗಿಯುವ ಮೊದಲೇ ಮದುವೆಯಾಗಿ ಬಂದವರು ಅವರಲ್ಲಿ ಬಹಳ ಮಂದಿ. ತವರಿನ ನೆನಪನ್ನು ಅತ್ತೆಯ ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ರೊಟ್ಟಿ ಬಡಿಯುವಾಗ, ಹತ್ತಿ ಬಿಡಿಸುವಾಗ ತವರಿನ ಹಾಡು ಗುನುಗಿದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ‘ಏನವ್ವಾ, ಅಳಾಕತ್ತೀಯೇನು?’ ಅಂದರೆ, ‘ಇಲ್ಲೋ, ಹಾಡು ಹಂಗದ’ ಅಂದುಬಿಡಬಹುದಿತ್ತು. ಕಾಲುವೆ ನೀರು ಮುಟ್ಟದ ಊರುಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದವರ ಗಂಟಿನಲ್ಲೂ ಈ ಹಾಡುಗಳಿದ್ದವು. ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಂಡ ಮೆಮೊರಿ ಕಾರ್ಡಿನಲ್ಲಿ. ತಗಡಿನ ಶೆಡ್ಡಿನಲ್ಲಿ ಸಂಜೆ ಹಚ್ಚುವ ಹಾಡಿಗೆ ಊರಿನ ವಾಸನೆ ಇರುತ್ತಿತ್ತು.

ಆ ದಶಕದ್ದೆಲ್ಲ ಚಿನ್ನ ಅಂತ ನಾವು ಹೇಳುವುದಿಲ್ಲ. ಸಪ್ಪೆ ಹಾಡುಗಳೂ ಬಂದವು, ಅವನ್ನು ಜನ ಮರೆತರು. ಉಳಿದವುಗಳಲ್ಲೂ ಬೇಡ ಅಂದ ಹುಡುಗಿಯ ಬೆನ್ನು ಬೀಳುವ ನಾಯಕನಿದ್ದಾನೆ. ನಮ್ಮ ತಂಗಿಯಂದಿರು ಅಂಥ ಹಾಡು ಕೇಳಿ ಮುಖ ತಿರುಗಿಸುತ್ತಾರೆ, ಅದು ಸರಿಯೇ.

ಗುಳೆಯ ಬಗ್ಗೆ ವರದಿ ಮಾಡಲು ಹೋದಾಗ ನಾವು ಎಷ್ಟು ಕೂಲಿ, ಎಷ್ಟು ದಿನ, ಎಷ್ಟು ಸಾಲ ಅಂತ ಕೇಳುತ್ತೇವೆ. ಹೆಣ್ಣುಮಕ್ಕಳು ‘ಹೇಳಾಕ ಏನದ’ ಅಂದು ಸುಮ್ಮನಾಗುತ್ತಾರೆ. ಅಲ್ಲಿ ಯಾವ ಹಾಡು ಕೇಳುತ್ತಿದ್ದಿರಿ ಅಂದರೆ ಮಾತು ಬಿಚ್ಚಿಕೊಳ್ಳುತ್ತದೆ: ಯಾವ ಊರಿನ ಕೆಲಸ, ಯಾವ ಮಗು ಆಗ ಮಡಿಲಲ್ಲಿತ್ತು, ಊರಿನಲ್ಲಿ ಯಾರು ಸತ್ತ ಸುದ್ದಿ ತಡವಾಗಿ ಬಂತು, ಎಲ್ಲವೂ. ನಿಮ್ಮ ಮನೆಯ ಅಟ್ಟದಲ್ಲಿ ಕ್ಯಾಸೆಟ್ ಡಬ್ಬಿ ಉಳಿದಿದ್ದರೆ ಎಸೆಯಬೇಡಿ. ಅದನ್ನು ಅವ್ವನ ಮುಂದಿಟ್ಟು, ಯಾವುದನ್ನು ಎಲ್ಲಿ ಕೊಂಡಿದ್ದು ಅಂತ ಕೇಳಿ. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.