ನೀರು ಉಳಿಸುವವರು

ಊರು ಮಮದಾಪುರ ಎಂದೊಡನೆ ಹೊರಗಿನವರು, "ಓ, ಆ ದೊಡ್ಡ ಕೆರೆಯ ಊರಾ?" ಎಂದು ಕಣ್ಣರಳಿಸುತ್ತಾರೆ. ಅಲ್ಲ, ಅದು ವಿಜಯಪುರ ಜಿಲ್ಲೆಯ ಮಮದಾಪುರ, ಆದಿಲ್‌ಶಾಹಿ ಕಾಲದ ಕೆರೆ ಇರುವುದು ಅಲ್ಲಿ. ನಮ್ಮದು ಗೋಕಾಕ ತಾಲೂಕಿನದು. ಹೆಸರು ಎರಡೂ ಊರಿಗೆ ಬಂತು, ಕೆರೆ ಮಾತ್ರ ಅತ್ತ ಹೋಯಿತು. ಗೋಕಾಕ ಎಂದರೆ ಅವರ ಮುಖ ಮತ್ತೆ ಅರಳುತ್ತದೆ: ಫಾಲ್ಸು, ಕರದಂಟು, ನಿಮಗೆಂಥ ನೀರಿನ ಬರ! ಇಲ್ಲಿಂದ ಮುಂದೆ ವಿವರಿಸುವ ಉಮೇದು ನನಗೂ ಉಳಿದಿರುವುದಿಲ್ಲ.

ಊರಿನ ಗೋಡೆಯೊಂದರ ಮೇಲೆ ನೀಲಿ ಬಣ್ಣದ ದೊಡ್ಡ ನಳ, ಅದರ ಕೆಳಗೆ ಕಣ್ಣೀರಿನಷ್ಟು ದಪ್ಪದ ಒಂದು ಹನಿ, ಪಕ್ಕದಲ್ಲಿ "ಹನಿ ಹನಿ ನೀರು ಉಳಿಸಿ" ಎಂಬ ಅಕ್ಷರ. ನಮ್ಮ ಕಾಕಾನದು ಮಡ್ಡಿ ಹೊಲ. ಮಳೆಯಾದರೆ ಜೋಳ, ಇಲ್ಲವಾದರೆ ಬರೀ ಹೆಂಟೆ. ಆ ಗೋಡೆ ಕಂಡಾಗಲೆಲ್ಲ ಅವನದೊಂದೇ ಮಾತು: "ಇದನ್ನ ಕೆನಾಲ್ ದಂಡಿಗೆ ಬರೀಬೇಕಿತ್ತೋ ತಮ್ಮಾ, ವಿಳಾಸ ತಪ್ಪೈತಿ."

ವಿಳಾಸ ಹುಡುಕುವುದಾದರೆ ಹುಕ್ಕೇರಿ ತಾಲೂಕಿನಿಂದಲೇ ಹೊರಡಬೇಕು. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು 51 ಟಿಎಂಸಿ ನೀರು ಹಿಡಿಯುತ್ತದೆ. ಆ ನೀರಿಗೆ ಊರುಗಳನ್ನು ಬಿಟ್ಟುಕೊಟ್ಟವರಿದ್ದಾರೆ. ಹುನ್ನೂರಿನ ವಿಠ್ಠಲ ಮಂದಿರ ಜಲಾಶಯ ತಗ್ಗಿದಾಗ ಎದ್ದು ನಿಲ್ಲುತ್ತದೆ, ಜನ ಹೋಗಿ ಕೈಮುಗಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಮೈಮೇಲೆ ನೀರು ಹೊತ್ತವನು ವಿಠ್ಠಲ, ನೀರು ಕುಡಿದವರು ಎಲ್ಲೋ ಇದ್ದಾರೆ. ಹುಕ್ಕೇರಿಯವರಿಗೆ ಒಂದು ಹೆಚ್ಚುಗಾರಿಕೆಯುಂಟು: 1969ರಿಂದ ಅವರ ಹಳ್ಳಿಗಳ ಕರೆಂಟು ಅವರದೇ ಸಹಕಾರ ಸಂಘದ್ದು. ತಂತಿಯನ್ನು ಊರವರು ಕೂಡಿ ಆಳಬಹುದಾದರೆ ಕಾಲುವೆಯನ್ನೇಕೆ ಆಳಬಾರದು ಎಂದು ನನಗೆ ಆಗಾಗ ಅನ್ನಿಸುತ್ತದೆ. ಕರೆಂಟಿಗಾದರೆ ಮೀಟರುಂಟು, ಕಾಲುವೆಗೆ ಇರುವುದು ರಾತ್ರಿ ಮತ್ತು ಗುದ್ದಲಿ.

ಹೊಳೆ ಮುಂದೆ ಧೂಪದಾಳಕ್ಕೆ ಬರುತ್ತದೆ. ಬ್ರಿಟಿಷರ ಕಾಲದ ಒಡ್ಡು ಅದು. ಅಲ್ಲಿ ಒಂದಿಷ್ಟು ಪಕ್ಷಿಗಳಿಗೆ, ಮಿಕ್ಕದ್ದು ಎಡದಂಡೆ ಕಾಲುವೆಗೆ. ಆಮೇಲೆ ಫಾಲ್ಸು. 52 ಮೀಟರ್ ಕೆಳಕ್ಕೆ ಬೀಳುವ ಇದೇ ನೀರಿನಿಂದ 1887ರಲ್ಲಿ ಗೋಕಾಕ ಮಿಲ್ಲಿನವರು ವಿದ್ಯುತ್ ತೆಗೆದರು, ದೇಶದಲ್ಲೇ ಮೊದಲು ಎಂದು ನಾವು ಇವತ್ತಿಗೂ ಹೇಳಿಕೊಳ್ಳುತ್ತೇವೆ. ಬೇಸಿಗೆಯಲ್ಲಿ ಬಂದ ಪ್ರವಾಸಿಗೆ ಕಾಣುವುದು ಬಂಡೆ ಮಾತ್ರ. ನೀರೆಲ್ಲಿ ಎಂದು ಕೇಳಿದರೆ ಮೂಡಲಗಿ ಕಡೆಗೆ ಕೈ ತೋರಿಸಬೇಕು, ಕಬ್ಬಿನೊಳಗೆ ನಿಂತಿದೆ.

ಕಬ್ಬಿನವರೆಲ್ಲ ಸುಖದಲ್ಲಿದ್ದಾರೆ ಎಂದು ನನಗೂ ಒಂದು ಕಾಲದಲ್ಲಿ ಹೊಟ್ಟೆಕಿಚ್ಚಿತ್ತು. ಸವಳು ಭೂಮಿ ನೋಡಿದ ಮೇಲೆ ಅದು ಇಳಿಯಿತು. ಎರೆಮಣ್ಣು ನೀರನ್ನು ಸುಲಭಕ್ಕೆ ಬಸಿದು ಬಿಡುವುದಿಲ್ಲ. ವರ್ಷ ವರ್ಷ ಕುಳೆ ಕಬ್ಬಿಗೆ ಹಾಯಿಸಿದ್ದೇ ಹಾಯಿಸಿದ್ದು. ಒಳಗಿನ ನೀರು ಮೇಲೇರುತ್ತದೆ, ಜೊತೆಗೆ ಉಪ್ಪನ್ನೂ ಕರೆತರುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿ ಪೊರೆ ಏಳುತ್ತದೆ. ಮೊದಲು ಕಬ್ಬು ಗಿಡ್ಡಾಗುತ್ತದೆ, ಆಮೇಲೆ ಜಾಲಿ ಬರುತ್ತದೆ. ಮದ್ದಿಲ್ಲ ಎಂದಲ್ಲ. ಬಸಿಗಾಲುವೆ ತೋಡಬೇಕು, ಸೆಣಬು ಬಿತ್ತಿ ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕು, ರವದಿಗೆ, ಅಂದರೆ ಕಬ್ಬಿನ ಒಣ ಗರಿಗೆ, ಬೆಂಕಿ ಹಚ್ಚದೆ ಸಾಲಿನಲ್ಲೇ ಕೊಳೆಯಬಿಡಬೇಕು. ರವದಿ ಸುಡುವುದನ್ನು ಬಿಟ್ಟವರು ಅಲ್ಲಲ್ಲಿ ಸಿಗುತ್ತಾರೆ. ಬಾಕಿಯವರು ಅವರನ್ನು ಕೆಲಸವಿಲ್ಲದವರು ಎಂದು ನೋಡುತ್ತಾರೆ.

ಕಷ್ಟ ಇರುವುದು ಬಸಿಗಾಲುವೆಯಲ್ಲಿ. ನನ್ನ ಹೊಲದ ಉಪ್ಪುನೀರು ಹಳ್ಳ ಸೇರಬೇಕಾದರೆ ಕೆಳಗಿನವನ ಹೊಲ ದಾಟಬೇಕು. ಅವನಿಗಿರುವುದು ಎರಡೇ ಎಕರೆ. ಅದರ ನಡುವೆ ತಗ್ಗು ತೋಡಲು ಅವನೇಕೆ ಒಪ್ಪಿಯಾನು? ಮೇಲಿನವನು ಮೂವತ್ತು ವರ್ಷ ನೀರು ಕುಡಿಸಿದ ಲಾಭ ಮೇಲೇ ಉಳಿಯಿತು, ಇಳಿದು ಬಂದದ್ದು ಉಪ್ಪು. 2022ರಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ಜಗತ್ತಿನ ದೇಶಗಳು ಸೇರಿ, ಹವಾಮಾನ ಕೆಟ್ಟು ಹಾನಿಗೊಂಡ ಬಡ ದೇಶಗಳಿಗೆ ನಿಧಿ ಮಾಡೋಣ ಎಂದು ಒಪ್ಪಿದವು. ಸುದ್ದಿ ಓದುವಾಗ ನನ್ನ ಕಣ್ಣ ಮುಂದೆ ಬಂದವನು ಆ ಎರಡು ಎಕರೆಯವನು. ಅವನೂ ಕಾಯುತ್ತಿದ್ದಾನೆ, ದೇಶಗಳೂ ಕಾಯುತ್ತಿವೆ.

ಮಳೆಯೂ ಈಗ ಹದ ತಪ್ಪಿದೆ. 2019ರ ಬೇಸಿಗೆಯಲ್ಲಿ ಬರದ ಮಾತು. ಆಗಸ್ಟಿನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಒಟ್ಟಿಗೆ ಏರಿ ಬಂದವು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು. ತಗ್ಗಿನಲ್ಲಿ ಮನೆ ಮಾಡುವವರು ಹೊಳೆಯ ನೋಟ ಚೆಂದ ಎಂದು ಮಾಡಿದವರಲ್ಲ, ದಿನ್ನೆಯ ಮೇಲಿನ ಜಾಗದ ದರ ಕೇಳಿ ಇಳಿದುಬಂದವರು. ಬಿದ್ದ ಮನೆಗಳಿಗೆ ಎ, ಬಿ, ಸಿ ಎಂದು ದರ್ಜೆ ಹಾಕಿದರು, ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ. ಗೋಡೆ ಯಾವ ದರ್ಜೆಗೆ ಬಿದ್ದಿದೆ ಎಂಬ ಚರ್ಚೆ ನೀರು ಇಳಿದ ಎಷ್ಟೋ ದಿನ ಚಹಾದಂಗಡಿಗಳಲ್ಲಿ ನಡೆದಿತ್ತು. ಬಾಡಿಗೆಗಿದ್ದವರಿಗೆ ಆ ಚರ್ಚೆಯಲ್ಲಿ ಪಾಲಿರಲಿಲ್ಲ, ಅವರಿಗೆ ಬೀಳಲು ಗೋಡೆಯೇ ಇರಲಿಲ್ಲ.

2025ರಲ್ಲಿ ಹಿಡಕಲ್ ನೀರನ್ನು ಪೈಪಿನಲ್ಲಿ ಹುಬ್ಬಳ್ಳಿ-ಧಾರವಾಡದ ಕಾರ್ಖಾನೆಗಳ ಕಡೆಗೆ ಒಯ್ಯುವ ಯೋಜನೆಯ ವಿರುದ್ಧ ಬೆಳಗಾವಿಯಲ್ಲಿ ಜನ ಬೀದಿಗಿಳಿದರು. ಸರಿಯೇ. ಆದರೆ ಅದೇ ನೀರು ತಾಲೂಕಿನೊಳಗೇ ಮಡ್ಡಿಗೆ ಯಾಕೆ ಹತ್ತುವುದಿಲ್ಲ ಎಂದು ಕೇಳುವ ಮೆರವಣಿಗೆಯನ್ನು ನಾನಿನ್ನೂ ಕಂಡಿಲ್ಲ. ಅದೇ ವರ್ಷದ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕೂತರು. ನವೆಂಬರಿನಲ್ಲಿ ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ನಮ್ಮ ಕಾಕಾನೂ ಅಲ್ಲಿಗೆ ಹೋಗಿ ಎರಡು ರಾತ್ರಿ ಮಲಗಿ ಬಂದಿದ್ದ. ಅವನ ಹೊಲದಲ್ಲಿ ಒಂದು ಗಣಿಕೆ ಕಬ್ಬಿಲ್ಲ.

"ನೀ ಯಾಕ ಹೋಗಿದ್ದಿ ಕಾಕಾ?"

"ನಮ್ಮ ಹುಡುಗ ಕಬ್ಬ ಕಡಿಯಾಕ ಹೊಕ್ಕಾನಲ್ಲೋ. ರೇಟ್ ಏರಿದ್ರ ಅವನ ಪಗಾರಾನೂ ಏರೀತು ಅಂತ ಹೋಗಿದ್ದೆ."

"ಏರಿತಾ?"

"ಮಾಲಕನ್ನ ಕೇಳಬೇಕು. ಅಂವ ಇನ್ನ ಬಿಲ್ ಬಂದಿಲ್ಲ ಅಂತಾನ."